ಹಿಮದ ದಡದಲ್ಲಿ ಹದಿನಾಲ್ಕು ಕೋಣೆ

ಹೋಟೆಲಿನಲ್ಲಿ ಅತಿಥಿಯ ಕಣ್ಣಿಗೆ ಬೀಳದ ಜಾಗಗಳೇ ನನ್ನ ಕಸುಬು. ಬಟ್ಟೆ ಒಗೆಯುವ ಕೋಣೆ, ಕಸ ಹೊರಗೆ ಹೋಗುವ ಬಾಗಿಲು, ಅಡುಗೆಮನೆಯ ಹಿಂದಿನ ಓಣಿ, ಕೆಲಸದವರು ಊಟ ಮಾಡುವ ಹಾಲ್. ಅಬುಧಾಬಿಯಲ್ಲಿ ಹೋಟೆಲುಗಳಿಗೆ ಬಂಡವಾಳ ಹಾಕುವ ಒಂದು ಕಂಪನಿಯಲ್ಲಿ ಹನ್ನೊಂದು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಹೊಸ ನಕ್ಷೆ ಬಂದರೆ ಮುಂಭಾಗ ನೋಡುವುದಕ್ಕೆ ದೊಡ್ಡ ದೊಡ್ಡ ಡಿಗ್ರಿಯವರು ಸಾಲುಗಟ್ಟಿ ನಿಲ್ಲುತ್ತಾರೆ. ಹಿಂಭಾಗಕ್ಕೆ ನಾನೊಬ್ಬಳು. ನನ್ನ ಸಹಿ ಬೀಳದೆ ಫೈಲು ಮುಂದಕ್ಕೆ ಹೋಗುವುದಿಲ್ಲ. ಈ ಅಧಿಕಾರ ನನಗೆ ಪುಕ್ಕಟೆ ಸಿಕ್ಕಿದ್ದಲ್ಲ. ದುಬೈಯ ದೇರಾದ ಒಂದು ಹೋಟೆಲಿನಲ್ಲಿ ದಿನಕ್ಕೆ ಹದಿನಾರು ಕೋಣೆ ಗುಡಿಸಿ, ಒರೆಸಿ, ಹಾಸಿಗೆ ಹಾಸಿ ಮೇಲೆ ಬಂದವಳು ನಾನು. ಹಾಗಾಗಿ ಯಾರಾದರೂ "ಬರೀ ಲಾಂಡ್ರಿ ವಿಷಯ ತಾನೇ" ಅಂದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಒಂದು ದಿನ ನನ್ನ ಮೇಜಿಗೆ ಬಂದ ನಕ್ಷೆ ಉತ್ತರ ಧ್ರುವದ ಕಡೆಯದು. ಆ ದೇಶದ ಹೆಸರು ಹೇಳುವ ಹಾಗಿಲ್ಲ, ಕಂಪನಿಗೆ ಬರೆದುಕೊಟ್ಟಿದ್ದೇನೆ. ಸಮುದ್ರದ ದಡ, ಹಿಂದೆ ಬೋಳು ಗುಡ್ಡ, ಮಧ್ಯೆ ಮುಚ್ಚಿಹೋದ ಒಂದು ಮೀನು ಕಾರ್ಖಾನೆ. ಅದನ್ನು ನಲವತ್ತು ಕೋಣೆಯ ಹೋಟೆಲು ಮಾಡಬೇಕು. ಚಳಿಗಾಲದಲ್ಲಿ ಆಕಾಶದ ಹಸಿರು ಬೆಳಕು ನೋಡಲು, ಬೇಸಿಗೆಯಲ್ಲಿ ಮುಳುಗದ ಸೂರ್ಯನನ್ನು ನೋಡಲು ಜನ ಬರುತ್ತಾರಂತೆ. ಐವತ್ತು ಡಿಗ್ರಿ ಬಿಸಿಲಿನಲ್ಲಿ ಬೆಂದ ನಮ್ಮ ಯಜಮಾನರಿಗೆ ಹಿಮದ ಮೇಲೆ ಮನಸ್ಸಾಗಿದ್ದರಲ್ಲಿ ನನಗೇನೂ ಆಶ್ಚರ್ಯವಾಗಲಿಲ್ಲ.

ನಮ್ಮ ಖರ್ಚುವೆಚ್ಚದ ವಿಭಾಗದ ಮುಖ್ಯಸ್ಥರು ಬಂಟ್ವಾಳ ಕಡೆಯ ಬ್ಯಾರಿ, ಅಂದರೆ ಕರಾವಳಿಯ ಮುಸಲ್ಮಾನರು. ನಮ್ಮಿಬ್ಬರ ಮನೆಯೂ ದುಬೈಯಲ್ಲಿ. ಅಲ್ ಕುಸೈಸ್‌ನಿಂದ ಕಾರಿನಲ್ಲಿ ಬರುವಾಗ ಡಿಸ್ಕವರಿ ಗಾರ್ಡನ್ಸ್‌ನ ಹೊರಗೆ ನನ್ನನ್ನು ಹತ್ತಿಸಿಕೊಳ್ಳುತ್ತಾರೆ. ಅಬುಧಾಬಿ ತಲುಪುವವರೆಗೆ ನಮ್ಮಿಬ್ಬರ ಜಗಳಕ್ಕೆ ಸಮಯ ಸಾಕಷ್ಟು ಇರುತ್ತದೆ.

"ಮೀನಿನ ವಾಸನೆ ಹೋಗ್ಲಿಕ್ಕೆ ಎಂತ ಮಾಡ್ತೀರಿ ಬಾಯಮ್ಮ?" ಅಂತ ಮೊದಲ ದಿನವೇ ಕೆಣಕಿದರು. ಕರಾವಳಿಯಲ್ಲಿ ನಮ್ಮಂಥ ಕ್ರೈಸ್ತ ಹೆಂಗಸರಿಗೆ ಬಾಯಮ್ಮ ಅನ್ನುವುದು ವಾಡಿಕೆ.

"ನಮ್ಮಿಬ್ಬರಿಗೆ ಅದು ವಾಸನೆಯಾ ಬ್ಯಾರಿಗಳೇ? ಪರಿಮಳ ಅಲ್ವಾ," ಅಂದೆ.

ಕೆಲಸ ಮಾತ್ರ ತಮಾಷೆಯಾಗಿರಲಿಲ್ಲ. ಇಲ್ಲಿ ನಾವು ಒಂದು ಹಾಸಿಗೆಗೆ ಮೂರು ಜೊತೆ ಬಟ್ಟೆ ಲೆಕ್ಕ ಹಿಡಿಯುತ್ತೇವೆ. ಒಂದು ಹಾಸಿಗೆಯ ಮೇಲೆ, ಒಂದು ಒಗೆಯುವಲ್ಲಿ, ಒಂದು ಕಪಾಟಿನಲ್ಲಿ. ಅಲ್ಲಿಗೆ ಸಾಮಾನು ಬರುವುದು ಹಡಗಿನಲ್ಲಿ. ಗಾಳಿ ಎದ್ದರೆ ಹಡಗೂ ಇಲ್ಲ. ನಾನು ಐದು ಜೊತೆ ಬರೆದೆ. ಹಿಮದಲ್ಲಿ ತೊಯ್ದ ಬೂಟು, ಕೋಟು ಒಣಗಿಸಲು ಬಾಗಿಲ ಬಳಿಯೇ ಬಿಸಿಗಾಳಿಯ ಕೋಣೆ ಬೇಕೆಂದೆ, ನಕ್ಷೆಯಲ್ಲಿ ಅದು ಇರಲೇ ಇಲ್ಲ. ಕಸ ಹೊರಗಿಡುವ ಜಾಗಕ್ಕೆ ಹಿಮ ತಡೆಯುವ ಮಾಡು ಬೇಕೆಂದೆ. ನಕ್ಷೆ ಬರೆದ ವಾಸ್ತುಶಿಲ್ಪಿ ಒಂದೊಂದನ್ನೂ ಗುರುತು ಹಾಕಿಕೊಂಡು ಹೋದ. ಮಂಜುಗಡ್ಡೆಯನ್ನು ಫ್ರಿಜ್ಜಿನಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿರದ ನಾನು ಇಷ್ಟೆಲ್ಲ ಹಿಡಿದೆನಲ್ಲ ಅಂತ ಒಳಗೊಳಗೇ ಬೀಗಿದೆ.

ಕೊನೆಗೆ ನಾನೇ ಹಿಂದೆ ತಯಾರಿಸಿದ್ದ ಪಟ್ಟಿ ತೆಗೆದೆ. ಪ್ರತಿ ಹೋಟೆಲಿಗೂ ಅದೇ ಪಟ್ಟಿ, ಅರವತ್ತು ಪ್ರಶ್ನೆ. ಅದರಲ್ಲೊಂದು: ಸಿಬ್ಬಂದಿಯ ವಸತಿಯಿಂದ ಹೋಟೆಲಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆಯೊಳಗೆ ಬರಬಹುದೇ? ನಕ್ಷೆಯ ಪ್ರಕಾರ ಹದಿನಾಲ್ಕು ಮಂದಿ ಸಿಬ್ಬಂದಿಗೆ ಪಕ್ಕದ ಪೇಟೆಯಲ್ಲಿ ಒಂದು ಕಟ್ಟಡ ಬಾಡಿಗೆಗೆ ಹಿಡಿಯಲಾಗಿತ್ತು. ದಡದ ಗುಂಟ ಅರ್ಧ ಗಂಟೆಯ ದಾರಿ, ಕಂಪನಿಯದೇ ಬಸ್ಸು. ಹೌದು ಅಂತ ಗುರುತು ಹಾಕಿದೆ. ಕೆಳಗೆ ಸಹಿಯನ್ನೂ ಹಾಕಿದೆ.

ಅಷ್ಟರಲ್ಲಿ ಜನ ಆಯುವ ಕೆಲಸವೂ ನನ್ನ ತಲೆಗೇ ಬಂದಿತ್ತು. ಮೊದಲು ನೆನಪಾದದ್ದು ಕಾರ್ಕಳ ಕಡೆಯ ಒಬ್ಬಳು. ಹಿಂದೆ ನನ್ನ ಕೈಕೆಳಗೆ ದುಡಿದವಳು, ಈಗ ಅಲ್ ಬರ್ಷಾದ ಒಂದು ಹೋಟೆಲಿನಲ್ಲಿ ಸೂಪರ್‌ವೈಸರ್. ಇದ್ದದ್ದನ್ನು ಇದ್ದ ಹಾಗೆ ಹೇಳುವ ಹೆಂಗಸು. ಅವಳು ನನ್ನ ಜೊತೆ ಮಾತಾಡುವುದು ತುಳುವಿನಲ್ಲಿ, ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಒಬ್ಬರಿಗೆ ಒಂದು ಕೋಣೆಯಾ ಅಕ್ಕ?" ಅಂತ ಮೊದಲು ಕೇಳಿದಳು, ಕೆಲಸದ ವಿಷಯ ಹೇಳಿದಾಗ.

"ಒಬ್ಬರಿಗೆ ಒಂದು," ಅಂದೆ.

ಹನ್ನೆರಡು ವರ್ಷದಿಂದ ಅಲ್ ಕೂಜ್‌ನ ಕಂಪನಿ ವಸತಿಯಲ್ಲಿ ಐದು ಮಂದಿಯ ಜೊತೆ ಒಂದೇ ಕೋಣೆಯಲ್ಲಿ ಇದ್ದವಳು ಅವಳು. ಸಂಬಳ ಎಷ್ಟು ಅಂತಲೂ ಆಮೇಲೆ ಕೇಳಿದಳು. ಇಲ್ಲಿನ ವೀಸಾ ನವೀಕರಿಸುವುದು ಬೇಡ ಅಂತ ತನ್ನ ಹೋಟೆಲಿಗೆ ಬರೆದುಕೊಟ್ಟೇಬಿಟ್ಟಳು. ಅವಳನ್ನು ನೋಡಿ ಇನ್ನೂ ಹದಿಮೂರು ಮಂದಿ ಒಪ್ಪಿದರು. ಎಲ್ಲರೂ ನನ್ನ ಮಾತು ನಂಬಿ ಹೊರಟವರು.

ಡಿಸೆಂಬರಿನಲ್ಲಿ ಆ ಊರಿನವರ ಜೊತೆ ಒಂದು ವಿಡಿಯೋ ಸಭೆ ಇತ್ತು. ಹೊರಗಿನವರು ಬಂದು ಕಟ್ಟುವ ಮೊದಲು ಸ್ಥಳೀಯರು ಪ್ರಶ್ನೆ ಕೇಳಬಹುದು ಅನ್ನುವುದು ಅಲ್ಲಿನ ಪದ್ಧತಿ. ನಮಗೆ ಮಧ್ಯಾಹ್ನ ಮೂರು ಗಂಟೆ, ಕಚೇರಿಯ ಗಾಜಿನ ಮೇಲೆ ಬಿಸಿಲು ಹೊಳೆಯುತ್ತಿತ್ತು. ಅವರಿಗೂ ಮಧ್ಯಾಹ್ನವೇ, ಆದರೆ ಅವರ ಹಿಂದಿನ ಕಿಟಕಿಯಲ್ಲಿ ಮಬ್ಬುಗತ್ತಲೆ. ಸಭೆಗೆ ಬಂದವರಲ್ಲಿ ಅರವತ್ತು ದಾಟಿದ ಒಬ್ಬ ಹೆಂಗಸು ಇದ್ದಳು. ದಪ್ಪ ಉಣ್ಣೆಯ ಅಂಗಿ, ಬೆಳ್ಳಗಿನ ಗಿಡ್ಡ ಕೂದಲು. ರಸ್ತೆಯ ಹಿಮ ತಳ್ಳುವ ಗಾಡಿ ಓಡಿಸುವುದು ಅವಳ ಕೆಲಸವಂತೆ.

"ನಿಮ್ಮ ಅಡುಗೆಯವರು, ಕೋಣೆ ನೋಡುವವರು ಪೇಟೆಯಲ್ಲಿ ಇರುತ್ತಾರೆ ಅಂತ ಈ ಕಾಗದದಲ್ಲಿದೆ," ಅಂತ ನಿಧಾನವಾದ ಇಂಗ್ಲಿಷಿನಲ್ಲಿ ಶುರು ಮಾಡಿದಳು. "ರಸ್ತೆ ಮುಚ್ಚಿದ ದಿನ ಒಲೆ ಹಚ್ಚುವವರು ಯಾರು?"

"ಇನ್ನೊಂದು ಬಸ್ಸು ಇಟ್ಟುಕೊಳ್ಳುತ್ತೇವೆ," ಅಂದರು ನಮ್ಮವರೊಬ್ಬರು.

ಅವಳು ನಗಲಿಲ್ಲ. ಚಳಿಗಾಲದಲ್ಲಿ ಆ ರಸ್ತೆಯಲ್ಲಿ ಯಾರೂ ತಮಗೆ ಬೇಕಾದಾಗ ಹೋಗುವ ಹಾಗಿಲ್ಲ ಅಂತ ವಿವರಿಸಿದಳು. ಇಂತಿಷ್ಟು ಹೊತ್ತಿಗೆ ಅಂತ ಅವಳ ಗಾಡಿ ಮುಂದೆ ಹೊರಡುತ್ತದೆ, ಉಳಿದ ವಾಹನಗಳು ಅದರ ಬೆನ್ನಿಗೆ ಸಾಲಾಗಿ ಬರಬೇಕು. ಗಾಳಿ ಜೋರಾದರೆ ಅವಳ ಗಾಡಿಯೂ ಹೊರಡುವುದಿಲ್ಲ. ಒಂದು ದಿನ, ಎರಡು ದಿನ, ಕೆಲವೊಮ್ಮೆ ಮೂರು ದಿನ.

"ಒಮ್ಮೆ ಒಂದು ಬಸ್ಸನ್ನು ಅಗೆದು ತೆಗೆದಿದ್ದೇನೆ," ಅಂದಳು. "ಒಳಗಿದ್ದವರು ಬದುಕಿದ್ದರು. ಇನ್ನೊಮ್ಮೆ ಅಗೆಯುವ ಆಸೆ ನನಗಿಲ್ಲ."

ಎದುರಿಗಿದ್ದ ಫೈಲಿನಲ್ಲಿ ಬಸ್ಸಿನ ಪ್ರಶ್ನೆಯ ಮುಂದೆ ನಾನು ಹಾಕಿದ ಗುರುತು ಹಸಿರು ಶಾಯಿಯಲ್ಲಿ ಎದ್ದು ಕಾಣುತ್ತಿತ್ತು. ಬಟ್ಟೆಗೆ ಐದು ಜೊತೆ ಬೇಕು, ಹಡಗು ಬರಲಿಕ್ಕಿಲ್ಲ ಅಂತ ಯೋಚಿಸಿದ ತಲೆಗೆ ಬಸ್ಸು ಬರಲಿಕ್ಕಿಲ್ಲ ಅಂತ ಹೊಳೆಯಲಿಲ್ಲವಲ್ಲ! ನಾಚಿಕೆಯಿಂದ ಮುಖ ಬಿಸಿಯಾಯಿತು. ಉಳಿದ ಸಭೆಯಲ್ಲಿ ಯಾರು ಏನು ಕೇಳಿದರೋ ನನಗೆ ಗೊತ್ತಿಲ್ಲ.

ಸಿಬ್ಬಂದಿಯ ಬಸ್ಸನ್ನು ನನ್ನಷ್ಟು ಬಲ್ಲವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ಒಂಬತ್ತು ವರ್ಷ ಅದರಲ್ಲಿ ಓಡಾಡಿದ್ದೇನೆ. ಬೆಳಗ್ಗೆ ಐದಕ್ಕೆ ವಸತಿಯ ಗೇಟಿನಲ್ಲಿ ನಿಲ್ಲಬೇಕು, ತಲೆ ಬಾಚಿಕೊಳ್ಳುವುದೂ ರೊಟ್ಟಿ ತಿನ್ನುವುದೂ ಬಸ್ಸಿನಲ್ಲೇ. ಸಂಜೆ ಕೆಲಸ ಮುಗಿದ ಮೇಲೆ ಎಲ್ಲರೂ ಬರುವವರೆಗೆ ಕಾಯಬೇಕು. ಜಪಮಾಲೆ ಹೇಳಿ ಮುಗಿಸಲು ಆ ದಾರಿ ಸರಿಯಾಗಿ ಸಾಕಾಗುತ್ತಿತ್ತು. ಕೆಲಸದವರು ಅಂದರೆ ದೂರದಲ್ಲಿ ಮಲಗುವವರು, ಬಸ್ಸಿನಲ್ಲಿ ಬರುವವರು. ಇಪ್ಪತ್ನಾಲ್ಕು ವರ್ಷದಲ್ಲಿ ಇದು ನನ್ನ ರಕ್ತಕ್ಕೇ ಇಳಿದಿತ್ತು. ಬೇರೆ ಯಾರೋ ಸಹಿ ಹಾಕಿದ ನಕ್ಷೆಯಾಗಿದ್ದರೆ ಅವರ ಮೇಲೆ ಹರಿಹಾಯುತ್ತಿದ್ದೆ. ಈಗ ಯಾರ ಮೇಲೆ ಹರಿಹಾಯಲಿ?

ವಾಪಸ್ ಬರುವಾಗ ಕಾರಿನಲ್ಲಿ ಹೇಳಿಯೇ ಬಿಟ್ಟೆ.

"ನನ್ನ ಸಹಿ ಹಿಂದೆ ತೆಗೊಳ್ತೇನೆ."

ಬ್ಯಾರಿಗಳು ಕಾರನ್ನು ಬದಿಗೆ ತೆಗೆದು ನಿಧಾನ ಮಾಡಿದರು. "ಎಂತ ಮಾರಾಯ್ರೆ ನೀವು? ಸಹಿ ಹಾಕಿ ಆಯ್ತು, ಫೈಲು ಬ್ಯಾಂಕಿಗೆ ಹೋಗ್ಲಿಕ್ಕೆ ಉಂಟು. ಈಗ ಹಿಂದೆ ತೆಗೊಂಡ್ರೆ ಇಡೀ ಯೋಜನೆಯೇ ಖಲಾಸ್ ಆಗ್ಬಹುದು. ಗೊತ್ತುಂಟಾ?"

"ಗೊತ್ತುಂಟು."

"ಆ ಹದಿನಾಲ್ಕು ಜನ? ನಿಮ್ಮ ಕಾರ್ಕಳದವರು ವೀಸಾ ಬೇಡ ಅಂತ ಬರೆದು ಕೊಟ್ಟಾಗಿದೆಯಂತೆ. ಯೋಜನೆ ಬಿದ್ರೆ ಅವರು ಎಲ್ಲಿಗೆ ಹೋಗ್ಬೇಕು?"

ಅವರು ತಪ್ಪು ಮಾತೇನೂ ಆಡಲಿಲ್ಲ. ಸಹಿ ಹಿಂದೆ ತೆಗೆದರೆ ಅವಳ ಕೆಲಸ ಹೋದೀತು. ತೆಗೆಯದಿದ್ದರೆ ಅವಳು ಆ ಬಸ್ಸಿನಲ್ಲಿ ಕೂರುತ್ತಾಳೆ. ಇಳಿಯುವಾಗ ನಾನು ಹೇಳಿದೆ: "ಕೆಲಸ ಹೋದ್ರೆ ಇನ್ನೊಂದು ಹುಡುಕಿ ಕೊಡ್ತೇನೆ ಬ್ಯಾರಿಗಳೇ, ಎಷ್ಟು ಹೋಟೆಲಿನ ಬಾಗಿಲು ತಟ್ಟಬೇಕಾದ್ರೂ ತಟ್ಟುತ್ತೇನೆ. ಹಿಮದೊಳಗಿಂದ ಅವಳನ್ನು ನನಗೆ ಅಗೆದು ತೆಗೀಲಿಕ್ಕೆ ಆಗ್ಲಿಕ್ಕಿಲ್ಲ."

ಮರುದಿನ ಎಲ್ಲರಿಗೂ ಕಾಣುವ ಹಾಗೆ ಮೇಲ್ ಕಳಿಸಿದೆ. ಸಿಬ್ಬಂದಿಯ ವಸತಿ ಹೋಟೆಲಿನ ಮಾಡಿನ ಕೆಳಗೇ ಬರಬೇಕು. ಅಲ್ಲಿಯವರೆಗೆ ನನ್ನ ಸಹಿ ಇಲ್ಲ.

ಆಮೇಲಿನ ಮೂರು ವಾರ ನನ್ನನ್ನು ಕಚೇರಿಯಲ್ಲಿ ಯಾರೂ ಚಹಾಕ್ಕೆ ಕರೆಯಲಿಲ್ಲ. ಮಾರಾಟ ವಿಭಾಗದವರು ನನ್ನನ್ನು ಕಂಡರೆ ಲಿಫ್ಟಿನಲ್ಲಿ ಫೋನು ನೋಡತೊಡಗಿದರು. ಸಮುದ್ರ ಕಾಣುವ ಏಳು ಅತಿಥಿ ಕೋಣೆ ಹೋಗುತ್ತದೆ ಅನ್ನುವುದು ಅವರ ಸಂಕಟ. ಒಬ್ಬರು ಬಂದು "ಹೆಲಿಕಾಪ್ಟರ್ ಇಟ್ಟರೆ ಆಗದೇ?" ಅಂತ ಕೇಳಿದರು. ಗಾಳಿಗೆ ಹೆದರಿ ರಸ್ತೆಯ ಗಾಡಿಯೇ ಹೊರಡದಿದ್ದಾಗ ಹೆಲಿಕಾಪ್ಟರ್ ಹಾರುತ್ತದಂತೆ! ಜಪ್ಪಯ್ಯ ಅಂದರೂ ನಾನು ಜಗ್ಗಲಿಲ್ಲ.

ಕೊನೆಗೆ ಹೊಸ ನಕ್ಷೆ ಬಂತು. ಹದಿನಾಲ್ಕು ಕೋಣೆಯೂ ಹೋಟೆಲಿನ ಒಳಗೇ ಇತ್ತು. ಗೆದ್ದೆ ಅಂತ ಕುರ್ಚಿಯಿಂದ ಎದ್ದೇಬಿಟ್ಟೆ. ಮತ್ತೆ ಕೂತು ನೋಡಿದರೆ ಎಲ್ಲ ಕೋಣೆಗಳೂ ಗುಡ್ಡಕ್ಕೆ ಒತ್ತಿಕೊಂಡ ಹಿಂಭಾಗದಲ್ಲಿ, ಒಂದಕ್ಕೂ ಕಿಟಕಿ ಇಲ್ಲ. ಹಳೆಯ ಕಾರ್ಖಾನೆಯ ನಕ್ಷೆಯನ್ನು ಪಕ್ಕದಲ್ಲಿಟ್ಟು ಹೋಲಿಸಿದೆ. ಅದು ಹಿಡಿದ ಮೀನನ್ನು ತಣ್ಣಗೆ ಇಡುತ್ತಿದ್ದ ಗೋದಾಮು. ಮೀನಿಗೆ ಕಿಟಕಿ ಯಾಕೆ ಬೇಕು? ಗೋದಾಮಿಗೆ ಗೋಡೆ ಅಡ್ಡ ಹಾಕಿ ಹದಿನಾಲ್ಕು ಪಾಲು ಮಾಡಿದ್ದರು, ಅಷ್ಟೇ. ಮೊದಲು ಅಲ್ಲಿ ಬರಬೇಕಿದ್ದ ಲಾಂಡ್ರಿ, ಉಗ್ರಾಣ ಮುಂಭಾಗಕ್ಕೆ ಸರಿದಿದ್ದವು, ಏಳು ಅತಿಥಿ ಕೋಣೆ ಹೋದದ್ದು ಹಾಗೆ. ಮೊದಲ ಸಲ ಬೆಪ್ಪಾಗಿದ್ದು ಸಾಕು ಅಂದುಕೊಂಡೆ. ಫೈಲು ಎತ್ತಿಕೊಂಡು ಯಜಮಾನರ ಜೊತೆ ಭೇಟಿಗೆ ಸಮಯ ಕೇಳಿದೆ.

ಯಜಮಾನರು ವಯಸ್ಸಾದವರು, ಇಲ್ಲಿಯವರೇ. ಸಣ್ಣ ಧ್ವನಿ, ಕಣ್ಣು ಮಾತ್ರ ಚುರುಕು. ಮೇಜಿನ ಸುತ್ತ ವಾಸ್ತುಶಿಲ್ಪಿ, ಬ್ಯಾರಿಗಳು, ಮಾರಾಟದವರು ಕೂತಿದ್ದರು. ನಾನು ಕೂರಲಿಲ್ಲ, ಕೂತರೆ ಧೈರ್ಯವೂ ಕೂತೀತು ಅನ್ನಿಸಿತು.

"ಮೊದಲು ನೀವೇ ಸಹಿ ಹಾಕಿದ್ದಿರಿ," ಅಂದರು ಯಜಮಾನರು. "ಯಾಕೆ ಹಾಕಿದಿರಿ?"

ಇದಕ್ಕೆ ಉತ್ತರವನ್ನು ನಾನು ತಯಾರು ಮಾಡಿಕೊಂಡು ಹೋಗಿರಲಿಲ್ಲ. ಬಾಯಿಗೆ ಬಂದದ್ದು ಸತ್ಯವೇ ಆಗಿತ್ತು. "ಇಪ್ಪತ್ನಾಲ್ಕು ವರ್ಷದಲ್ಲಿ ಹೋಟೆಲಿನ ಒಳಗೆ ಮಲಗುವ ಕೋಣೆ ಹುಡುಗಿಯನ್ನು ನಾನು ನೋಡಿಲ್ಲ ಸರ್. ಹಾಗಾಗಿ ನನಗೆ ಹೊಳೆಯಲಿಲ್ಲ. ತಪ್ಪು ನನ್ನದೇ. ನಾನೂ ಬಸ್ಸಿನಲ್ಲೇ ಬಂದವಳು."

ಆಮೇಲೆ ಮಾತಿಗೆ ಬಂದವನು ವಾಸ್ತುಶಿಲ್ಪಿ. ಒಳ್ಳೆಯ ಹುಡುಗ, ಕೆಟ್ಟ ಮನಸ್ಸಿನವನಲ್ಲ. ಆ ಗೋಡೆ ಮೂರಡಿ ದಪ್ಪದ ಕಾಂಕ್ರೀಟು, ಕೊರೆಯುವುದು ಕಷ್ಟ ಅಂತ ವಿವರಿಸಿದ. ಮತ್ತೆ ಮೆಲ್ಲಗೆ, "ಎರಡು ತಿಂಗಳು ಅಲ್ಲಿ ಸೂರ್ಯನೇ ಇರುವುದಿಲ್ಲ ಮೇಡಂ. ಕಿಟಕಿ ಇಟ್ಟರೂ ಕಾಣುವುದು ಕತ್ತಲೆಯೇ," ಅಂದ.

ಅವನದೇ ಫೈಲಿನ ಮೊದಲ ಪುಟ ತಿರುಗಿಸಿ ಮೇಜಿನ ಮಧ್ಯಕ್ಕೆ ತಳ್ಳಿದೆ.

"ಆ ಕತ್ತಲೆಯನ್ನು ನೋಡುವುದಕ್ಕೇ ಅತಿಥಿಗಳು ಪ್ರಪಂಚದ ಮೂಲೆಮೂಲೆಯಿಂದ ಬರುತ್ತಾರೆ ಅಂತ ನೀವೇ ಬರೆದಿದ್ದೀರಿ. ಅವರು ಮೂರು ದಿನ ಇದ್ದು ಹೋಗುವವರು, ಅವರಿಗೆ ನೆಲದಿಂದ ಮಾಡಿನವರೆಗೆ ಗಾಜು. ಇವರು ಇಡೀ ಚಳಿಗಾಲ ಇರುವವರು. ಇವರನ್ನು ಮೀನಿನ ಗೋದಾಮಿನಲ್ಲಿ ಇಟ್ಟರೆ ಫೆಬ್ರವರಿ ಹೊತ್ತಿಗೆ ಒಬ್ಬಳೂ ಉಳಿಯುವುದಿಲ್ಲ. ನಾನಾದರೂ ಉಳಿಯುವುದಿಲ್ಲ."

ನನ್ನ ಧ್ವನಿ ಏರಿತ್ತು. ಯಜಮಾನರು ಮೊದಲ ಪುಟವನ್ನು ಪೂರ್ತಿ ಓದಿದರು. ಓದಿ ಬ್ಯಾರಿಗಳ ಕಡೆ ತಿರುಗಿದರು. ಏಳು ಕೋಣೆ ಕಳೆದುಕೊಂಡು, ಮೇಲಿಂದ ಗೋಡೆ ಕೊರೆಯುವ ಖರ್ಚನ್ನು ಅವರೇ ಅಲ್ಲವೇ ತಡೆದುಕೊಳ್ಳಬೇಕಾದದ್ದು. ಇವರು ಇನ್ನು ನನ್ನನ್ನು ಮುಳುಗಿಸುತ್ತಾರೆ ಅಂದುಕೊಂಡೆ.

"ಚಳಿಗಾಲದ ಮಧ್ಯೆ ಹದಿನಾಲ್ಕು ಜನ ಕೆಲಸ ಬಿಟ್ಟು ಹೋದರೆ ಹೊಸಬರನ್ನು ತರುವುದಕ್ಕೆ ರಸ್ತೆಯೂ ತೆರೆದಿರುವುದಿಲ್ಲ, ಸರ್," ಅಂದರು ಬ್ಯಾರಿಗಳು, ನನ್ನ ಕಡೆ ನೋಡದೆ. "ಕಿಟಕಿಯೇ ಅಗ್ಗ."

"ಕೊರೆಯಿರಿ," ಅಂದರು ಯಜಮಾನರು. "ಖಲಾಸ್."

ಒಂದು ವಾರದಲ್ಲಿ ತಿದ್ದಿದ ನಕ್ಷೆ ಬಂತು. ಹದಿನಾಲ್ಕು ಕೋಣೆ, ಹದಿನಾಲ್ಕು ಕಿಟಕಿ, ಗುಡ್ಡದ ಇಳಿಜಾರಿಗೆ ಮುಖಮಾಡಿ. ಬೆರಳಿಟ್ಟು ಒಂದೊಂದನ್ನೇ ಎಣಿಸಿದೆ. ಎಣಿಸಿ ಸಹಿ ಹಾಕಿದೆ. ನನ್ನ ಪಟ್ಟಿಯಿಂದ ಬಸ್ಸಿನ ಪ್ರಶ್ನೆಯನ್ನು ಕಿತ್ತು ಹಾಕಿ, ಆ ಜಾಗದಲ್ಲಿ ಹೊಸ ಪ್ರಶ್ನೆ ಬರೆದೆ: ದಾರಿ ಮುಚ್ಚಿದ ದಿನ ಇವರು ಎಲ್ಲಿರುತ್ತಾರೆ?

ಉಳಿದದ್ದು ಒಂದೇ ಕೆಲಸ, ಕಾರ್ಕಳದವಳಿಗೆ ಹೇಳುವುದು. ರಜೆಯ ದಿನ, ಶುಕ್ರವಾರ, ಪೂಜೆ ಮುಗಿಸಿ ಇಗರ್ಜಿಯ ಅಂಗಳದಲ್ಲಿ ನಿಂತೇ ಫೋನು ಮಾಡಿದೆ. ಏನನ್ನೂ ಮುಚ್ಚಿಡಲಿಲ್ಲ. ಮೊದಲು ಬಸ್ಸಿನ ಯೋಜನೆಗೆ ಸಹಿ ಹಾಕಿದವಳು ನಾನೇ ಅಂದೆ. ಹಿಮದಡಿಗೆ ಬಿದ್ದ ಬಸ್ಸಿನ ಕತೆ ಹೇಳಿದೆ. ಅವಳ ಕೆಲಸವನ್ನೇ ಪಣಕ್ಕಿಟ್ಟು ಸಹಿ ಹಿಂದೆ ತೆಗೆದದ್ದನ್ನೂ, ಅವಳನ್ನು ಒಂದು ಮಾತು ಕೇಳದೆ ಹಾಗೆ ಮಾಡಿದ್ದನ್ನೂ ಹೇಳಿದೆ. ಬೈದರೆ ಬೈಸಿಕೊಳ್ಳಲು ಸಿದ್ಧಳಿದ್ದೆ.

ಅವಳು ಬೈಯಲಿಲ್ಲ. "ಕೇಳಬಹುದಿತ್ತು ಅಕ್ಕ," ಅಂತ ಒಂದೇ ಮಾತು. ಅದು ಬೈಗುಳಕ್ಕಿಂತ ಜೋರಾಗಿ ತಾಗಿತು. ತಪ್ಪಾಯಿತು ಅಂದೆ.

ಆಮೇಲೆ ಕಿಟಕಿಯ ವಿಷಯ ಬಂತು. ಒಂದೊಂದು ಕೋಣೆಗೂ ಒಂದೊಂದು, ಮೂರಡಿ ಗೋಡೆ ಕೊರೆಸಿ ಇಡಿಸಿದ್ದೇನೆ ಅಂತ ಹೆಮ್ಮೆಯಿಂದಲೇ ಹೇಳಿದೆ. ಅವಳ ಹಿಂದಿನಿಂದ ಯಾರದೋ ಟಿವಿ, ಯಾರದೋ ಜಗಳ ಕೇಳುತ್ತಿತ್ತು.

"ಅದು ತೆರೀತದಾ ಅಕ್ಕ?" ಅಂತ ಕೇಳಿದಳು.

"ಏನು?"

"ಕಿಟಕಿ. ನಮ್ಮ ಕೈಯಲ್ಲಿ ತೆರೀಲಿಕ್ಕೆ ಆಗ್ತದಾ? ಇಲ್ಲಿ ನಮ್ಮ ಕೋಣೆಯಲ್ಲೂ ಕಿಟಕಿ ಉಂಟು. ಎಸಿ ಹಾಳಾಗ್ತದೆ ಅಂತ ಸ್ಕ್ರೂ ಹಾಕಿ ಮುಚ್ಚಿದ್ದಾರೆ. ಹನ್ನೆರಡು ವರ್ಷ ಆಯ್ತು, ಒಂದು ದಿನ ತೆರೀಲಿಲ್ಲ."

ನನಗೆ ಗೊತ್ತಿರಲಿಲ್ಲ. ಕಿಟಕಿ ಎಷ್ಟು ಅಂತ ಎಣಿಸಿದ್ದೆ, ಅದು ತೆರೆಯುತ್ತದೆಯೇ ಅಂತ ನೋಡಿರಲಿಲ್ಲ. "ಗೊತ್ತಿಲ್ಲ ಮಗಾ, ಈಗ ನೋಡ್ತೇನೆ," ಅಂತ ಹೇಳಿ ಫೋನಿಟ್ಟೆ. ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ನಕ್ಷೆ ತೆರೆದು, ಬೆರಳಿನಿಂದ ದೊಡ್ಡದು ಮಾಡಿ ನೋಡಿದೆ. ಹದಿನಾಲ್ಕೂ ಗೋಡೆಗೆ ಕೂರಿಸಿದ ಗಾಜು. ಕೀಲೂ ಇಲ್ಲ, ಹಿಡಿಕೆಯೂ ಇಲ್ಲ.

ಬ್ಯಾರಿಗಳು ಮೊದಲ ರಿಂಗಿಗೇ ಎತ್ತಿದರು. "ಶುಕ್ರವಾರ ಮಾರಾಯ್ರೆ! ನಮಾಜಿಗೆ ಹೊರಟವನು ನಾನು. ಈಗ ಎಂತ?"

"ಫೈಲು ಬ್ಯಾಂಕಿಗೆ ಕಳಿಸಬೇಡಿ," ಅಂದೆ. "ನನ್ನ ಸಹಿ ಹಿಂದೆ ತೆಗೊಂಡಿದ್ದೇನೆ. ಕಿಟಕಿಗೆ ಹಿಡಿಕೆ ಬೇಕು, ಒಳಗಿನಿಂದ ತೆರೆಯುವಂಥದ್ದು."